ಕಿಂಡೀಲಿ ನೀವೊಬ್ರೇ ಎಷ್ಟು ದಿನ ಕೂರ್ತೀರ?

ಪ್ರಶ್ನೆ: ಅಕ್ಕಾರೆ ನಮಸ್ಕಾರ. ನಂಗೆ 44, ದಾವಣಗೆರೇಲಿ ಒಂದು ಜವಳಿ ಅಂಗಡೀಲಿ ಮ್ಯಾನೇಜರ್, ಸೇಲ್ಸ್‌ಮನ್ ಆಗಿ ಸೇರಿ ಇಲ್ಲೀತನಕ ಬಂದೋನು. ಕೈಕೆಳಗೆ 22 ಜನ. ಒಂದು ಸೀರೆಗೆ ನೂರು ರೂಪಾಯಿ ಬಿಡ್ಬೇಕಂದ್ರೂ ನನ್ನೇ ಕೇಳ್ಬೇಕು, ಅದಕ್ಕೇ ಇಷ್ಟು ವರ್ಷ ಲೆಕ್ಕ ಆಚೀಚೆ ಆಗಿಲ್ಲ. ಈಗ ಚಿಕ್ಕ ಸಾವ್ಕಾರ್ರು ಬೆಂಗಳೂರಲ್ಲಿ ಓದ್ಕೊಂಡು ಬಂದು, ಎಲ್ರನ್ನೂ ಕೇಳಿ ಡಿಸೈಡ್ ಮಾಡ್ರಿ, ಟೀಮ್ ಥರ ಹೋಗ್ರಿ ಅಂತಾರೆ. ಆರು ತಿಂಗಳಲ್ಲಿ ಮೂರು ಒಳ್ಳೇ ಕೈಗಳು ಕೆಲ್ಸ ಬಿಟ್ವು ಅಂತ ಅವರಿಗೆ ಸಿಟ್ಟು. ಅದ್ರಲ್ಲೊಬ್ಬಳು ಹುಡುಗಿಗೆ ಗಿರಾಕಿ ಮುಂದೇನೇ ‘ಎಷ್ಟು ಸೀರೆ ಬಿಚ್ತೀಯ, ಮಡಚೋರ್ಯಾರು’ ಅಂತ ಬೈದಿದ್ದೆ, ನಿಜ. ಮೀಟಿಂಗ್ ಕರೆದು ಧೈರ್ಯವಾಗಿ ಹೇಳ್ರಪ್ಪ ಅಂದೆ, ಒಬ್ರೂ ಬಾಯಿ ಬಿಡ್ಲಿಲ್ಲ, ‘ನೀವು ಹೇಳ್ದಂಗೆ ಸಾರ್’ ಅಂದ್ರು ಅಷ್ಟೇ. ಮೆತ್ತಗಾದ್ರೆ ತಲೆ ಮೇಲೆ ಕೂರ್ತಾರೆ. ಮೊನ್ನೆ ಮನೆಯೋರ ಜೊತೆ ಎರಡು ದಿನ ಧರ್ಮಸ್ಥಳಕ್ಕೆ ಹೋದ್ರೆ 40 ಫೋನು, ನಾನಿಲ್ಲಾಂದ್ರೆ ಅಂಗಡಿ ನಡೆಯಲ್ಲ. ಏನ್ ಮಾಡ್ಲಿ?

ಉತ್ತರ: ನೋಡ್ರಿ, ನಿಮ್ಮ ಪತ್ರದಲ್ಲಿ ಆ 40 ಫೋನಿನ ಮಾತು ಬರುವಾಗ ಸ್ವಲ್ಪ ಹೆಮ್ಮೆ ಕಾಣ್ತು ನಂಗೆ. ಬೇಜಾರಾಗ್ಬೇಡ್ರಿ, ನಂಗೂ ಅದೇ ಹೆಮ್ಮೆ ಇತ್ತು, ಹದಿನೈದು ವರ್ಷ ಒಂದು ಸಣ್ಣ ಪ್ರೆಸ್ ನಡೆಸ್ದೋಳು ನಾನು, ನಾನಿಲ್ದೆ ಒಂದು ವಿಸಿಟಿಂಗ್ ಕಾರ್ಡೂ ಆಚೆ ಹೋಗ್ತಿರ್ಲಿಲ್ಲ. ಆದ್ರೆ 40 ಫೋನು ಅಂದ್ರೆ 40 ಸಲ ಅಲ್ಲೊಬ್ಬ ಗಿರಾಕಿ ಸೀರೆ ತೊಡೆ ಮೇಲೆ ಇಟ್ಕೊಂಡು ಕಾಯ್ತಾ ಕೂತಿದ್ರು ಅಂತ. ಎಷ್ಟು ಜನ ‘ಇರ್ಲಿ ಬಿಡ್ರಿ’ ಅಂತ ಎದ್ದು ಹೋದ್ರೋ, ಅದು ನಿಮ್ಮ ಲೆಕ್ಕದ ಬುಕ್ಕಲ್ಲಿ ಬರಲ್ಲ.

ಚಿತ್ರದುರ್ಗದ ಕೋಟೆ ನೋಡಿರ್ತೀರಲ್ಲ, ಏಳು ಸುತ್ತಿನ ಕೋಟೆ, ನೀವೂ ಅಂಗಡಿಗೆ ಹಂಗೇ ಗೋಡೆ ಕಟ್ಟಿ ಒಂದೇ ಒಂದು ಕಿಂಡಿ ಬಿಟ್ಕೊಂಡು ಅಲ್ಲಿ ನೀವೇ ಕೂತಿದೀರ, ತಲೆ ತೂರಿಸ್ದೋರಿಗೆಲ್ಲ ಒನಕೆ ಏಟು. ಆದ್ರೆ ಆ ಕತೆ ಸರಿಯಾಗಿ ನೆನಪಿಸ್ಕೊಳ್ರಿ. ಅಲ್ಲಿ ಕಾವಲಿನ ಡ್ಯೂಟಿ ಓಬವ್ವಂದಲ್ಲ, ಅವಳ ಗಂಡಂದು, ಅವ್ನು ಊಟಕ್ಕೆ ಕೂತಿದ್ದ. ನೀರಿಗೆ ಹೋದ ಓಬವ್ವ ಹೈದರಾಲಿ ಸೈನಿಕರು ನುಸುಳೋದು ನೋಡಿ, ಅವ್ನ ಊಟ ಮುಗೀಲಿ ಕೇಳಿ ಮಾಡಾಣ ಅಂತ ಕಾಯ್ಲಿಲ್ಲ, ಕೈಗೆ ಸಿಕ್ಕ ಒನಕೆ ತಗೊಂಡ್ಳು. ನಿಮ್ಮ ಅಂಗಡೀಲಿ ಅವಳಿದ್ದಿದ್ರೆ ಏನ್ ಮಾಡಿರೋಳು? ಫೋನ್ ಮಾಡಿ ‘ಸಾರ್, ಹೊಡೀಲಾ’ ಅಂತ ಕೇಳಿರೋಳು, ನೀವು ಧರ್ಮಸ್ಥಳದಲ್ಲಿ ದರ್ಶನದ ಕ್ಯೂನಲ್ಲಿ.

ಇನ್ನು ಮೆತ್ತಗಾದ್ರೆ ತಲೆ ಮೇಲೆ ಕೂರ್ತಾರೆ ಅನ್ನೋ ಭಯ. ಇದು ಸುಳ್ಳು ಭಯ ಅಂತ ನಾನು ಹೇಳಲ್ಲ. 1930ರ ದಶಕದ ಕೊನೇಲಿ ಅಮೆರಿಕದ ಐಯೋವಾದಲ್ಲಿ ಕರ್ಟ್ ಲೆವಿನ್ ಅನ್ನೋ ಮನಶ್ಶಾಸ್ತ್ರಜ್ಞ, ಜೊತೆಗೆ ಲಿಪ್ಪಿಟ್, ವೈಟ್ ಅಂತ ಇನ್ನಿಬ್ರು, ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪು ಮಾಡಿ ಮುಖವಾಡ ಮಾಡೋದು ಇಂಥವೆಲ್ಲ ಕೆಲ್ಸ ಕೊಟ್ಟು ನೋಡಿದ್ರು. ಒಂದು ಥರದ ಲೀಡರ್ ಎಲ್ಲಾ ತಾನೇ ಹೇಳೋನು, ಇನ್ನೊಂದು ಥರದೋನು ಹುಡುಗರ ಜೊತೆ ಕೂತು ತೀರ್ಮಾನ ಮಾಡೋನು, ಮೂರನೇ ಥರದೋನು ಏನಾದ್ರೂ ಮಾಡ್ಕೊಳ್ರಪ್ಪ ಅಂತ ಕೈ ಬಿಟ್ಟೋನು. ಹುಕುಂ ಮಾಡೋನು ಎದುರಿಗಿದ್ದಾಗ ಕೆಲ್ಸ ಚೆನ್ನಾಗೇ ಆಗ್ತಿತ್ತು, ಇದನ್ನ ಮುಚ್ಚಿಡ್ಬಾರ್ದು. ಅವ್ನು ರೂಮಿಂದ ಆಚೆ ಹೋದ ತಕ್ಷಣ ಹುಡುಗರು ಕೆಲ್ಸ ಕೆಳಗಿಟ್ರು. ಕೂತು ಮಾತಾಡೋನ ಗುಂಪು ಅವ್ನು ಹೋದ್ರೂ ಹೆಚ್ಚುಕಮ್ಮಿ ಹಂಗೇ ನಡೀತು. ತೀರಾ ಹಾಳಾಗಿದ್ದು ಮೂರನೇದು. ನೀವು ಹೆದರ್ತಿರೋದು ಈ ಮೂರನೇದಕ್ಕೆ, ಚಿಕ್ಕ ಸಾವ್ಕಾರ್ರು ಕೇಳ್ತಿರೋದು ಎರಡನೇದು, ನಡುವೆ ನೀವಿಬ್ರೂ ಜಗಳ ಆಡ್ತಿದೀರ.

ಮೀಟಿಂಗಲ್ಲಿ ಯಾರೂ ಬಾಯಿ ಬಿಡ್ಲಿಲ್ಲ ಅಂದ್ರಲ್ಲ, ಯಾಕೆ ಬಿಡ್ತಾರೆ ಹೇಳ್ರಿ? ನಮ್ಮ ಪ್ರೆಸ್ಸಿಗೆ ಒಂದು ಮದುವೆ ಪತ್ರಿಕೆ ಬಂದಿತ್ತು, ತಾರೀಕಿಗೂ ವಾರಕ್ಕೂ ತಾಳೆ ಇರ್ಲಿಲ್ಲ, ಗುರುವಾರ ಅಂತ ಇತ್ತು ಕ್ಯಾಲೆಂಡರಲ್ಲಿ ಶುಕ್ರವಾರ. ಕಂಪೋಸ್ ಮಾಡ್ತಿದ್ದ ಹುಡುಗನಿಗೆ ಮೊದಲನೇ ದಿನವೇ ಗೊತ್ತಾಗಿತ್ತು. ಹೇಳ್ಲಿಲ್ಲ. ಹಿಂದೊಂದು ಸಲ ಅವ್ನು ಹಿಂಗೇ ಏನೋ ಕೇಳಿದ್ದಕ್ಕೆ ‘ಕೊಟ್ಟಿದ್ದಷ್ಟು ಮಾಡು, ತಲೆ ಓಡಿಸ್ಬೇಡ’ ಅಂದಿದ್ದೆ ನಾನು, ಅವ್ನು ಪಾಪ ಹೇಳ್ದಂಗೇ ಕೇಳಿದ. 600 ಪತ್ರಿಕೆ ಅರಿಶಿಣ ಹಚ್ಕೊಂಡು ಮನೆ ಮನೆಗೆ ಹೋಗೋಕೆ ರೆಡಿಯಾದ ಮೇಲೆ ಹುಡುಗಿ ಸೋದರಮಾವ ಓದಿ ಕಂಡುಹಿಡಿದ್ರು, ನನ್ನ ಖರ್ಚಲ್ಲಿ ಮತ್ತೆ ಪ್ರಿಂಟು. ಆ ಹುಡುಗನನ್ನ ಬೈಯೋಕೆ ಬಾಯಿ ತೆಗೆದೋಳು ಅವ್ನ ಮುಖ ನೋಡಿ ಸುಮ್ನಾದೆ. ನಿಮ್ಮ 22 ಜನಕ್ಕೂ ಅಂಥದ್ದೊಂದು ಗುರುವಾರ ಶುಕ್ರವಾರ ಗೊತ್ತಿರುತ್ತೆ, ಆದ್ರೆ ಹೇಳಲ್ಲ.

ಹಂಗಾಗಿ ಮೀಟಿಂಗ್ ಸದ್ಯಕ್ಕೆ ಬಿಡ್ರಿ. ಮೊದಲು ಒಂದೇ ಒಂದು ಅಧಿಕಾರ ಕೈ ಬಿಡ್ರಿ, ಆ ಡಿಸ್ಕೌಂಟಿಂದು. ಸೆಕ್ಷನ್ ನೋಡ್ಕೊಳೋರಿಗೆ ಇಷ್ಟು ರೂಪಾಯಿ ಒಳಗೆ ನೀವೇ ಬಿಡ್ರಿ ಅಂತ ಮಿತಿ ಹೇಳ್ರಿ, ಅದು ಎಷ್ಟು ಅನ್ನೋದನ್ನ ಅವರನ್ನೇ ಕೇಳಿ ನಿಗದಿ ಮಾಡ್ರಿ, ಅವ್ರು ನಿಮಗಿಂತ ಬಿಗಿಯಾಗಿ ಹೇಳಿದ್ರೂ ಆಶ್ಚರ್ಯ ಇಲ್ಲ. ಒಂದು ನೋಟ್‌ಬುಕ್ಕಲ್ಲಿ ಯಾವ ಸೀರೆ, ಎಷ್ಟು ಬಿಟ್ವಿ, ಯಾಕೆ ಅಂತ ಒಂದೊಂದು ಸಾಲು ಬರೀಲಿ. ವಾರಕ್ಕೊಂದ್ಸಲ ಅದನ್ನ ಅವ್ರ ಜೊತೆ ಕೂತು ನೋಡ್ರಿ, ಗಿರಾಕಿ ಮುಂದೆ ಮಾತ್ರ ಬೇಡ. ಈ ಮಿತಿಗೆ ಚಿಕ್ಕ ಸಾವ್ಕಾರ್ರ ಸಹಿ ಮೊದಲೇ ತಗೊಳ್ರಿ, ಇಲ್ಲಾಂದ್ರೆ ನಾಳೆ ಅವ್ರು ‘ಯಾರು ಬಿಟ್ಟಿದ್ದು’ ಅಂದಾಗ ನೀವು ಆ ಸಿಟ್ಟನ್ನ ಕೈಕೆಳಗಿನೋರ ಮೇಲೆ ತೀರಿಸ್ಕೊಳ್ತೀರ.

ಒಬ್ಬ ತಪ್ಪು ಮಾಡೇ ಮಾಡ್ತಾನೆ. ಯಾರೋ ಗಟ್ಟಿಗಿತ್ತಿ ಗಿರಾಕಿಗೆ ಸೋತು ಬಿಡಬಾರದಷ್ಟು ಬಿಟ್ಟಿರ್ತಾನೆ, ಆವತ್ತು 22 ಜನ ಸೀರೆ ಮಡಚ್ತಾ ನಿಮ್ಮ ಮುಖಾನೇ ನೋಡ್ತಿರ್ತಾರೆ. ಆವತ್ತು ‘ನಂಗೆ ಗೊತ್ತಿತ್ತು’ ಅಂದ್ರೆ ಅಲ್ಲಿಗೆ ಮುಗೀತು, ನೋಟ್‌ಬುಕ್ ಅಟ್ಟಕ್ಕೆ. ‘ಏನಾಯ್ತು, ಮುಂದಿನ ಸಲ ಹೆಂಗೆ ಮಾಡಾಣ’ ಅಂತ ಕೇಳಿ, ಅವ್ನು ಹೇಳೋದು ಮುಗಿಯೋವರೆಗೂ ಮಧ್ಯ ಬಾಯಿ ಹಾಕ್ಬೇಡ್ರಿ. ಕಷ್ಟ ಅದು, ನಂಗೆ ಒಂದು ವರ್ಷ ಬೇಕಾಯ್ತು.

ಕ್ಯಾಶು, ಸ್ಟಾಕ್ ಟ್ಯಾಲಿ, ಬರೋ ಹೋಗೋ ಟೈಮು, ಇವು ನಿಮ್ಮವೇ ಇರ್ಲಿ, ಹಂಗಂತ ಬಾಯಿಬಿಟ್ಟು ಹೇಳ್ರಿ. ಆಗ್ಲೇ ತೀರ್ಮಾನ ಮಾಡಿರೋ ವಿಷಯಕ್ಕೆ ಅಭಿಪ್ರಾಯ ಕೇಳೋ ನಾಟಕ ಮಾತ್ರ ಬೇಡ, ಜನಕ್ಕೆ ಅದು ವಾಸನೆ ಹೊಡೆಯುತ್ತೆ.

ಒಂದೆರಡು ತಿಂಗಳಾದ್ಮೇಲೆ ಮೀಟಿಂಗ್ ಮಾಡ್ರಿ, ರಾತ್ರಿ ಶಟರ್ ಎಳೆಯೋ ಹೊತ್ತಲ್ಲಲ್ಲ, ಸಿಟಿ ಬಸ್ಸಿನ ಚಿಂತೇಲಿ ಯಾರ ತಲೇನೂ ಅಲ್ಲಿರಲ್ಲ. ಗಿರಾಕಿ ಕಮ್ಮಿ ಇರೋ ಮಧ್ಯಾಹ್ನ ಕರೀರಿ, ಮಂಡಕ್ಕಿ ಮಿರ್ಚಿ ತರಿಸ್ರಿ. ‘ಏನಾದ್ರೂ ಹೇಳ್ರಿ’ ಅನ್ಬೇಡ್ರಿ, ‘ಈ ವಾರ ಯಾರು ಏನು ಸಿಗದೆ ವಾಪಸ್ ಹೋದ್ರು’ ಅಂತ ಕೇಳ್ರಿ, ಹೊಸಬರಿಂದ ಶುರು ಮಾಡ್ರಿ, ನಿಮ್ಮ ಮಾತು ಕೊನೇಲಿ.

ಆ ಹುಡುಗೀದು ಒಂದು ಬಾಕಿ ಇದೆ. ಅವಳಿಗೊಂದು ಫೋನ್ ಮಾಡ್ರಿ, ವಾಪಸ್ ಬಾ ಅನ್ನೋಕಲ್ಲ. ಗಿರಾಕಿ ಮುಂದೆ ಹಂಗೆ ಅನ್ಬಾರ್ದಿತ್ತಮ್ಮ ಅನ್ರಿ, ಅವಳು ಏನಾದ್ರೂ ಅಂದ್ರೆ ಕೇಳಿಸ್ಕೊಳ್ರಿ, ಸಮರ್ಥನೆ ಕೊಡ್ಬೇಡ್ರಿ. ಸೀರೆ ಬಿಚ್ಚಿ ತೋರಿಸ್ದೆ ಇನ್ನೇನು, ಮಡಚಿಟ್ಟು ಮಾರ್ತಾರೇನ್ರಿ?

ಮದುವೆ ಸೀಸನ್ ಮುಗಿದ ಮೇಲೆ ಮನೆಯೋರ ಜೊತೆ ಇನ್ನೊಂದ್ಸಲ ಎರಡು ದಿನ ಎಲ್ಲಾದ್ರೂ ಹೋಗಿ ಬರ್ರಿ, ಎಷ್ಟು ಫೋನ್ ಬಂದ್ವು ಅಂತ ನಂಗೆ ಬರೀರಿ.