4 ಹೆಕ್ಟೇರಿಗೆ 200 ಮನೆ: ಲೆಕ್ಕ ತಪ್ಪುವುದು ಎಲ್ಲಿ?

4 ಹೆಕ್ಟೇರಿನಲ್ಲಿ 200 ಬಿಡಿ ಮನೆ ಕೂರುತ್ತವೆಯೇ, ಹೆಕ್ಟೇರಿಗೆ 50 ತಾನೇ ಎಂದು ಕೇಳಿದ್ದೀರಿ. ಆ 50 ಒಟ್ಟು ಜಾಗದ ಸಾಂದ್ರತೆ. ರಸ್ತೆ, ಉದ್ಯಾನ, ಚರಂಡಿಗೆ ಶೇ 40 ಹೋದರೆ ಉಳಿಯುವುದು 2.4 ಹೆಕ್ಟೇರ್. ಅಂದರೆ ನಿವ್ವಳ ಸಾಂದ್ರತೆ (ಮನೆಗಳಿಗೆ ಉಳಿದ ಜಾಗದ ಲೆಕ್ಕ) ಹೆಕ್ಟೇರಿಗೆ 83 ಮನೆ, ನಿವೇಶನಕ್ಕೆ 120 ಚದರ ಮೀಟರ್. ಅದನ್ನು 6×20 ಮೀಟರಾಗಿ ಕತ್ತರಿಸಿ ಎರಡೂ ಪಕ್ಕ 1.5 ಮೀಟರ್ ಬಿಟ್ಟರೆ ಮನೆಯ ಅಗಲ ಬರೀ 3 ಮೀಟರ್. ಗೋಡೆಯ ದಪ್ಪ ಕಳೆದು ಮಂಚ ಅಡ್ಡ ಹಾಕಿದರೆ ನಡೆಯಲು ಮುಕ್ಕಾಲು ಮೀಟರೂ ಉಳಿಯದು. ದಯವಿಟ್ಟು ಹಾಗೆ ಮಾಡಬೇಡಿ.

ಗೋಡೆಗೆ ಗೋಡೆ ತಾಗಿದ ಸಾಲುಮನೆ ಮಾಡಿ, ಪೂರ್ತಿ 6 ಮೀಟರ್ ಸಿಗುತ್ತದೆ. 8–10 ಮನೆಗೊಮ್ಮೆ ಸಾಲು ಕಡಿದು ಕಾಲುದಾರಿ ಬಿಡಿ. ಇಲ್ಲದಿದ್ದರೆ ನಡೆಯುವವರು ಸುತ್ತಿ ಬಳಸಿ ಹೋಗಬೇಕು. ನಕ್ಷೆಗೂ ಮೊದಲು ನೀರು ನೋಡಿ: ಮನೆಗೆ 4 ಜನ, ತಲಾ 135 ಲೀಟರ್ ಹಿಡಿದರೆ ದಿನಕ್ಕೆ 1,08,000 ಲೀಟರ್. ಅಷ್ಟು ಸಿಗದಿದ್ದರೆ ಮನೆಗಳ ಸಂಖ್ಯೆಯನ್ನೇ ಇಳಿಸಿ.