ಆ ಕುರ್ಚಿಯನ್ನು ಯಾಕೆ ಬಿಟ್ಟಿರಿ?

ನಮಸ್ಕಾರ,

ಸೂಪರ್‌ಹೀರೋ ಆ್ಯಕ್ಷನ್ ಥ್ರಿಲ್ಲರ್‌ಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಹೊಗಳುವುದನ್ನೆಲ್ಲ ಬರೀ ಸಮಾಧಾನದ ಮಾತು ಅಂದುಕೊಳ್ಳುತ್ತೀರಿ. ನಿಮ್ಮ ಲೇಖನದಲ್ಲಿ ಒಂದು ವಾಕ್ಯ ನಿಜವಾಗಿಯೂ ಚೆನ್ನಾಗಿದೆ. ಅದಕ್ಕೋಸ್ಕರವೇ ಇಷ್ಟುದ್ದ ಪತ್ರ ಬರೆಯುತ್ತಿದ್ದೇನೆ.

ಮೊದಲು ತೊಂದರೆ ಎಲ್ಲಿದೆ ನೋಡೋಣ. ಲೇಖನದ ಮುಕ್ಕಾಲು ಭಾಗ ಹೀಗೆ ಸಾಗುತ್ತದೆ: "ಲೋ ಆ್ಯಂಗಲ್ ಶಾಟ್ ನಾಯಕನ ಶಕ್ತಿಯನ್ನು ತೋರಿಸುತ್ತದೆ. ವೇಗದ ಎಡಿಟಿಂಗ್ ರೋಮಾಂಚನ ಹುಟ್ಟಿಸುತ್ತದೆ. ಹಿನ್ನೆಲೆ ಸಂಗೀತ ಕುತೂಹಲ ಹೆಚ್ಚಿಸುತ್ತದೆ." ಯಾವುದೂ ಪೂರ್ತಿ ತಪ್ಪಲ್ಲ. ಆದರೆ ಈ ಮೂರು ವಾಕ್ಯ ಬರೆಯಲು ಸಿನಿಮಾ ನೋಡಲೇಬೇಕು ಅಂತ ಇಲ್ಲ, ಅಲ್ವಾ? ತಂತ್ರಗಳ ಹೆಸರು ನಿಮಗೆ ಗೊತ್ತಿದೆ. ಅವು ಯಾವ ದೃಶ್ಯದಲ್ಲಿ, ಯಾವ ಕ್ಷಣದಲ್ಲಿ, ಯಾಕೆ ಬಂದವು ಅನ್ನುವುದನ್ನು ಮಾತ್ರ ನೀವು ಹೇಳುವುದೇ ಇಲ್ಲ.

ಲೋ ಆ್ಯಂಗಲ್, ಅಂದರೆ ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ನೋಡುವ ಕೋನದ ಮಾತನ್ನೇ ತೆಗೆದುಕೊಳ್ಳಿ. ನೀವು ಹೆಚ್ಚು ಬರೆದಿರುವುದು 2008ರ ಬ್ಯಾಟ್‌ಮ್ಯಾನ್ ಚಿತ್ರ 'ದಿ ಡಾರ್ಕ್ ನೈಟ್' ಬಗ್ಗೆ. ಅದರ ಕೊನೆಯ ಭಾಗದಲ್ಲಿ ವಿಲನ್ ಜೋಕರ್ ಸೋತಿದ್ದಾನೆ, ಎತ್ತರದ ಕಟ್ಟಡದಿಂದ ತಲೆಕೆಳಗಾಗಿ ನೇತಾಡುತ್ತಿದ್ದಾನೆ. ಅವನು ಮಾತಾಡುತ್ತಿದ್ದಂತೆ ಕ್ಯಾಮೆರಾ ನಿಧಾನವಾಗಿ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ಅವನ ಮುಖ ನಮಗೆ ನೆಟ್ಟಗೆ ಕಾಣುತ್ತದೆ, ಕೂದಲು ಮತ್ತು ಕೋಟು ಮಾತ್ರ ಮೇಲಕ್ಕೆ ಹಾರಿದ ಹಾಗಿರುತ್ತವೆ. ಅವನು ತಲೆಕೆಳಗಾಗಿ ಲೋಕ ನೋಡುವವನು, ಆ ಹೊತ್ತಿಗೆ ನಾವೂ ಅವನ ಜೊತೆ ತಲೆಕೆಳಗಾಗಿದ್ದೇವೆ. ಇಲ್ಲಿ ಲೋ ಆ್ಯಂಗಲ್ ಅಂದರೆ ಶಕ್ತಿ ಅನ್ನುವ ಸೂತ್ರ ಯಾವ ಕೆಲಸಕ್ಕೂ ಬರುವುದಿಲ್ಲ. ಈ ಶಾಟ್ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಈ ಪ್ರಕಾರದ ರೂಢಿಗಳ ಬಗ್ಗೆ ಬರೆದಿರುವುದೂ ಪಟ್ಟಿಯಾಗಿಯೇ ಉಳಿದಿದೆ. ಗುಟ್ಟಾದ ಗುರುತು, ಮುಖವಾಡ, ವೇಷ, ವಿಲನ್, ಕೊನೇ ಗಳಿಗೆಯಲ್ಲಿ ಕಾಪಾಡುವುದು. ಸರಿ. ಆದರೆ ರೂಢಿ ಅನ್ನುವುದು ಸಿನಿಮಾಕ್ಕೂ ನೋಡುಗರಿಗೂ ನಡುವಿನ ಒಪ್ಪಂದ. 1978ರ 'ಸೂಪರ್‌ಮ್ಯಾನ್' ಚಿತ್ರದಲ್ಲಿ ಕ್ಲಾರ್ಕ್, ಅಂದರೆ ಸಾಮಾನ್ಯ ಮನುಷ್ಯನ ವೇಷದಲ್ಲಿರುವ ಸೂಪರ್‌ಮ್ಯಾನ್, ಬಟ್ಟೆ ಬದಲಾಯಿಸಲು ಜಾಗ ಹುಡುಕುತ್ತಾನೆ. ಟೆಲಿಫೋನ್ ಬೂತ್‌ನ ಒಳಗೆ ಹೋಗಿ ವೇಷ ಬದಲಾಯಿಸುತ್ತಾನೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅವನಿಗೆ ಸಿಗುವುದು ಬಾಗಿಲೇ ಇಲ್ಲದ, ಅರ್ಧ ಎತ್ತರದ ಫೋನ್ ಸ್ಟ್ಯಾಂಡ್. ಅದನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ ಮುಂದೆ ಓಡುತ್ತಾನೆ, ಸುತ್ತುವ ಬಾಗಿಲೊಳಗೆ ನುಗ್ಗಿ ಸೂಪರ್‌ಮ್ಯಾನ್ ಆಗಿ ಹೊರಬರುತ್ತಾನೆ. ರೂಢಿ ಗೊತ್ತಿದ್ದವರಿಗೆ ಮಾತ್ರ ಆ ಒಂದು ನೋಟ ನಗು ತರಿಸುತ್ತದೆ. ನೋಡುಗರಿಗೆ ಏನು ಗೊತ್ತಿದೆ, ಸಿನಿಮಾ ಅದನ್ನು ಹೇಗೆ ಬಳಸಿಕೊಂಡಿತು ಅಂತ ನೀವು ಬರೆದಿದ್ದರೆ ಆ ಪಟ್ಟಿಯ ಅಗತ್ಯವೇ ಇರುತ್ತಿರಲಿಲ್ಲ.

ಈಗ ಆ ಒಳ್ಳೆಯ ವಾಕ್ಯಕ್ಕೆ ಬರುತ್ತೇನೆ. ಪೊಲೀಸ್ ಠಾಣೆಯ ವಿಚಾರಣೆ ದೃಶ್ಯದ ಬಗ್ಗೆ ನೀವು ಬರೆದಿದ್ದೀರಿ: "ಹೊಡೆಯುತ್ತಾ ಹೋದಷ್ಟೂ ಬ್ಯಾಟ್‌ಮ್ಯಾನ್ ಸೋಲುತ್ತಾ ಹೋದ."

ಇದು ನೀವೇ ಕಂಡದ್ದು, ಯಾವ ಪಠ್ಯದಿಂದಲೂ ಬಂದದ್ದಲ್ಲ. ಆದರೆ ಮುಂದಿನ ವಾಕ್ಯದಲ್ಲೇ ಅದನ್ನು ಕೈಬಿಟ್ಟು "ಈ ದೃಶ್ಯದ ಬೆಳಕಿನ ವಿನ್ಯಾಸ ಅದ್ಭುತ" ಅಂತ ಬರೆದು ಮುಂದೆ ಹೋಗಿಬಿಟ್ಟಿರಿ. ಓದುವಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಏನು ಅದ್ಭುತ? ಹೇಳಿ!

ನಾನು ನೋಡಿದ್ದನ್ನು ಹೇಳುತ್ತೇನೆ. ಮೊದಲು ಕೋಣೆ ಕತ್ತಲು. ಮೇಜಿನ ದೀಪದ ಬೆಳಕಲ್ಲಿ ಜೋಕರ್, ಎದುರಿಗೆ ಪೊಲೀಸ್ ಅಧಿಕಾರಿ ಗಾರ್ಡನ್. ನಾಪತ್ತೆಯಾದ ಸರ್ಕಾರಿ ವಕೀಲ ಹಾರ್ವಿ ಡೆಂಟ್ ಎಲ್ಲಿ ಅಂತ ಗಾರ್ಡನ್ ಕೇಳಿದರೆ, ಈಗ ಗಂಟೆ ಎಷ್ಟು ಅನ್ನುವುದರ ಮೇಲೆ ಅವನು ಒಂದು ಕಡೆ ಇರಬಹುದು, ಹಲವು ಕಡೆ ಇರಬಹುದು ಅನ್ನುತ್ತಾನೆ ಜೋಕರ್. ಅಷ್ಟು ಸಾಕು, ಥ್ರಿಲ್ಲರ್‌ನ ಗಡಿಯಾರ ಓಡತೊಡಗುತ್ತದೆ. ಗಾರ್ಡನ್ ಎದ್ದು ಹೋಗುತ್ತಾನೆ. ಫಕ್ಕನೆ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಬ್ಯಾಟ್‌ಮ್ಯಾನ್ ಜೋಕರ್‌ನ ಬೆನ್ನ ಹಿಂದೆಯೇ ನಿಂತಿದ್ದಾನೆ.

ಬ್ಯಾಟ್‌ಮ್ಯಾನ್ ಕತ್ತಲಿಂದ ಬರುವುದು ರೂಢಿ. ಇಲ್ಲಿಯೂ ಕತ್ತಲಿಂದಲೇ ಬಂದ. ಆದರೆ ಬಂದ ಮೇಲೆ ಅವನು ಇರಬೇಕಾದದ್ದು ಬಿಳಿಚಿಕೊಂಡ ಟ್ಯೂಬ್‌ಲೈಟ್ ಬೆಳಕಲ್ಲಿ. ಕತ್ತಲೇ ಅವನ ಅರ್ಧ ಬಲ, ಅದನ್ನು ಕಿತ್ತುಕೊಂಡಾಯಿತು. ಈಗ ಅವನು ರಬ್ಬರ್ ಮುಖವಾಡ ಹಾಕಿಕೊಂಡು ಮೇಜಿನ ಪಕ್ಕ ನಿಂತ ಒಬ್ಬ ಮನುಷ್ಯ. ಈ ದೃಶ್ಯವನ್ನು ನಾನು ಒಮ್ಮೆ ಸದ್ದಿಲ್ಲದೆ ನೋಡಿದೆ. ಆಗ ಇನ್ನೊಂದು ಹೊಳೆಯಿತು. ಇಬ್ಬರ ಮುಖವೂ ಮುಚ್ಚಿದೆ. ಆದರೆ ಮುಖವಾಡ ಬ್ಯಾಟ್‌ಮ್ಯಾನ್ ಪಾತ್ರದ ಕ್ರಿಶ್ಚಿಯನ್ ಬೇಲ್‌ಗೆ ಕಣ್ಣು ಮತ್ತು ದವಡೆ ಮಾತ್ರ ಉಳಿಸಿದೆ. ಜೋಕರ್ ಪಾತ್ರದ ಹೀತ್ ಲೆಡ್ಜರ್ ಮುಖದ ಬಣ್ಣ ಮಾತ್ರ ಪ್ರತಿ ಸುಕ್ಕನ್ನೂ ಎತ್ತಿ ತೋರಿಸುತ್ತದೆ. ಕ್ಲೋಸಪ್ ಬಂದಾಗಲೆಲ್ಲ ಗೆಲ್ಲುವುದು ಜೋಕರೇ.

ಆಮೇಲೆ ಆ ಕುರ್ಚಿ. ಗಾಜಿನ ಆಚೆ ನಿಂತ ಗಾರ್ಡನ್, ಬ್ಯಾಟ್‌ಮ್ಯಾನ್ ಹಿಡಿತ ತಪ್ಪಿಲ್ಲ ಅಂದುಕೊಂಡಿದ್ದಾನೆ. ಅಷ್ಟರಲ್ಲಿ ಬ್ಯಾಟ್‌ಮ್ಯಾನ್ ಒಂದು ಕುರ್ಚಿ ಎಳೆದು ಬಾಗಿಲ ಹಿಡಿಗೆ ಆನಿಸುತ್ತಾನೆ. ಹೊರಗಿನಿಂದ ಯಾರೂ ಬರುವ ಹಾಗಿಲ್ಲ. ಗಾರ್ಡನ್ ಓಡುತ್ತಾನೆ. ಸೂಪರ್‌ಹೀರೋ ಕಾನೂನಿನ ಹೊರಗಿದ್ದೂ ಅದರ ಗೆರೆ ದಾಟುವುದಿಲ್ಲ ಅನ್ನುವುದು ಈ ಪ್ರಕಾರದ ದೊಡ್ಡ ಒಪ್ಪಂದ. ಅದು ಮುರಿದದ್ದನ್ನು ಹೇಳಲು ಭಾಷಣ ಬೇಕಾಗಲಿಲ್ಲ, ಒಂದು ಕುರ್ಚಿ ಸಾಕಾಯಿತು. ನೀವು ಬ್ಯಾಟ್‌ಮ್ಯಾನ್ ಕಾರಾದ ಬ್ಯಾಟ್‌ಮೊಬೈಲ್‌ಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಈ ಕುರ್ಚಿಗೆ ಒಂದು ವಾಕ್ಯವೂ ಇಲ್ಲ.

ಏಟು ತಿನ್ನುತ್ತಾ ಜೋಕರ್ ನಗುತ್ತಾನೆ. ನಿನ್ನ ಬಲವೆಲ್ಲ ಇಲ್ಲಿ ದಂಡ ಅನ್ನುವ ಅರ್ಥದ ಮಾತಾಡುತ್ತಾನೆ. ಆಮೇಲೆ ತಾನಾಗಿಯೇ ಎರಡು ವಿಳಾಸ ಕೊಡುತ್ತಾನೆ: ಒಂದು ಹಾರ್ವಿ ಇರುವುದು, ಇನ್ನೊಂದು ಬ್ಯಾಟ್‌ಮ್ಯಾನ್ ಪ್ರೀತಿಸುವ ರೇಚಲ್ ಇರುವುದು. ಬ್ಯಾಟ್‌ಮ್ಯಾನ್ ರೇಚಲ್‌ಳನ್ನು ಉಳಿಸಲು ಧಾವಿಸುತ್ತಾನೆ, ಬಾಗಿಲು ಒಡೆದಾಗ ಸಿಗುವುದು ಹಾರ್ವಿ. ವಿಳಾಸ ಅದಲು ಬದಲಾಗಿತ್ತು. ಕೊನೇ ಗಳಿಗೆಯಲ್ಲಿ ಕಾಪಾಡುವ ರೂಢಿ ಇಲ್ಲೂ ನಡೆಯಿತು, ಸಮಯಕ್ಕೆ ಸರಿಯಾಗಿಯೇ ನಡೆಯಿತು. ಉಳಿದದ್ದು ಮಾತ್ರ ಅವನು ಉಳಿಸಲು ಹೊರಟವಳಲ್ಲ.

ನಿಮ್ಮ ಲೇಖನದ ವಿಷಯ ಇದೇ ಅಂತ ನನಗೆ ಅನ್ನಿಸುತ್ತದೆ. ಸೂಪರ್‌ಹೀರೋ ಕಥೆಯಲ್ಲಿ ಬಲ ಇದ್ದವನು ಗೆಲ್ಲುತ್ತಾನೆ. ಥ್ರಿಲ್ಲರ್‌ನಲ್ಲಿ ಜಾಸ್ತಿ ಗೊತ್ತಿದ್ದವನು ಗೆಲ್ಲುತ್ತಾನೆ. ಇವೆರಡನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಏನಾಗುತ್ತದೆ ಅನ್ನುವುದೇ ಈ ದೃಶ್ಯ. ಮೇಜಿನ ಕೆಳಗಿನ ಬಾಂಬ್ ಬಗ್ಗೆ ಥ್ರಿಲ್ಲರ್ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದು ನೆನಪಿದೆಯಾ? ಬಾಂಬ್ ಸುಮ್ನೆ ಸಿಡಿದರೆ ಹದಿನೈದು ಸೆಕೆಂಡಿನ ಆಘಾತ. ಅದು ಇರುವುದು ನೋಡುಗರಿಗೆ ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷ ಉಸಿರು ಬಿಗಿ. ನೀವು ಈ ಮಾತನ್ನು ಪೀಠಿಕೆಯಲ್ಲಿ ಬರೆದು ಅಲ್ಲೇ ಬಿಟ್ಟಿದ್ದೀರಿ. ಅದರ ಜಾಗ ಇಲ್ಲಿ.

ಸಂಗೀತದ ಬಗ್ಗೆ ಒಂದೇ ಮಾತು. "ರೋಮಾಂಚಕ" ಅನ್ನುವ ಪದ ಏಳು ಸಲ ಬಂದಿದೆ. ಜೋಕರ್‌ಗೆ ಸಂಗೀತ ನಿರ್ದೇಶಕ ಹಾನ್ಸ್ ಜಿಮ್ಮರ್ ಕೊಟ್ಟದ್ದು ಬಹುಮಟ್ಟಿಗೆ ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ತಂತಿಯ ಮೇಲೆ ಎಳೆದ ಒಂದೇ ಸ್ವರ. ಅದು ಬಿಗಿಯಾಗುತ್ತಾ ಹೋಗುತ್ತದೆ, ರಾಗವಾಗಿ ಬಿಚ್ಚಿಕೊಳ್ಳುವುದೇ ಇಲ್ಲ. ಹೀಗೆ ಬರೆದರೆ ಓದುವವರ ಕಿವಿಗೆ ಕೇಳಿಸುತ್ತದೆ.

ಒಂದು ತಪ್ಪನ್ನೂ ತಿದ್ದಿಕೊಳ್ಳಿ. ಇದೇ ಚಿತ್ರದಲ್ಲಿ ದೊಡ್ಡ ಟ್ರಕ್ ಮುಂದಕ್ಕೆ ಪಲ್ಟಿಯಾಗುವುದನ್ನು ನೀವು ಗ್ರಾಫಿಕ್ಸ್ ಅಂದಿದ್ದೀರಿ. ಅದನ್ನು ಶಿಕಾಗೋದ ಬೀದಿಯಲ್ಲಿ ನಿಜವಾದ ಟ್ರಕ್ಕನ್ನೇ ಮಗುಚಿ ಚಿತ್ರಿಸಿದ್ದು. ಇಂಥ ಒಂದು ತಪ್ಪು ಕಣ್ಣಿಗೆ ಬಿದ್ದರೆ ಓದುಗರು ಉಳಿದದ್ದನ್ನೂ ಅನುಮಾನದಿಂದಲೇ ಓದುತ್ತಾರೆ.

ತಂತ್ರ ಮತ್ತು ಪಾತ್ರ ಬೇರೆ ಬೇರೆ ಅಲ್ಲ ಅನ್ನಲು ನಿಮಗೆ ಇನ್ನೊಂದು ಉದಾಹರಣೆ ಬೇಕಿದ್ದರೆ, 2018ರ ಆ್ಯನಿಮೇಷನ್ ಚಿತ್ರ 'ಸ್ಪೈಡರ್‌ಮ್ಯಾನ್: ಇನ್‌ಟು ದಿ ಸ್ಪೈಡರ್‌ವರ್ಸ್' ನೋಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಕಾಡಿನಲ್ಲಿ ಇಬ್ಬರು ಸ್ಪೈಡರ್‌ಮ್ಯಾನ್‌ಗಳು ಬಲೆ ಹಿಡಿದು ಜೀಕುವಾಗ ಪಳಗಿದ ಪೀಟರ್‌ನ ಭಂಗಿ ಪ್ರತಿ ಫ್ರೇಮಿಗೂ ಬದಲಾಗುತ್ತದೆ. ಹೊಸಬ ಮೈಲ್ಸ್‌ನದು ಎರಡು ಫ್ರೇಮಿಗೊಮ್ಮೆ. ಅದಕ್ಕೇ ಅವನು ತಡವರಿಸಿದ ಹಾಗೆ ಕಾಣುವುದು. ಹುಡುಗನಿಗೆ ಇನ್ನೂ ಬರುವುದಿಲ್ಲ ಅನ್ನುವುದು ಅವನ ಮೈಯಲ್ಲೇ ಇದೆ. ನನಗೆ ಬಹಳ ಇಷ್ಟವಾದ ವಿಷಯ ಇದು. ಆದರೆ ನಿಮ್ಮ ಲೇಖನದಲ್ಲಿ ಇದಕ್ಕೆ ಜಾಗ ಸಿಗದಿದ್ದರೆ ಬಿಡಿ, ತುರುಕಬೇಡಿ.

ಈಗ ಮಾಡಬೇಕಾದದ್ದು. ಲೇಖನದಲ್ಲಿರುವ ಹತ್ತು ಸಿನಿಮಾಗಳ ಹೆಸರು ತೆಗೆದುಹಾಕಿ. ವಿಚಾರಣೆ ದೃಶ್ಯವೊಂದನ್ನೇ ಇಟ್ಟುಕೊಳ್ಳಿ. ಒಮ್ಮೆ ಸದ್ದಿಲ್ಲದೆ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ, ಒಮ್ಮೆ ಪೆನ್ನು ಹಿಡಿದು ಕಟ್‌ಗಳನ್ನು ಎಣಿಸಿ. ನಾನು ಮೇಲೆ ಬರೆದದ್ದನ್ನು ನಕಲು ಮಾಡಬೇಡಿ, ಒಪ್ಪದಿದ್ದರೆ ಜಗಳ ಆಡಿ. "ಹೊಡೆಯುತ್ತಾ ಹೋದಷ್ಟೂ ಬ್ಯಾಟ್‌ಮ್ಯಾನ್ ಸೋಲುತ್ತಾ ಹೋದ" ಅನ್ನುವ ವಾಕ್ಯ ಈಗ ನಾಲ್ಕನೇ ಪುಟದಲ್ಲಿದೆ, ಅದನ್ನು ಮೊದಲ ಸಾಲಿಗೆ ತನ್ನಿ. 1,500 ಪದ ಸಾಕು. ಅವಸರ ಏನಿಲ್ಲ. ಬರೆದಾದ ಮೇಲೆ ಎರಡು ದಿನ ಬಿಟ್ಟು ಮತ್ತೊಮ್ಮೆ ಓದಿ, ಆಮೇಲೆ ನನ್ನ ಹೆಸರಿಗೇ ಕಳಿಸಿ.

ವಿಶ್ವಾಸದಿಂದ,
ಸಂಪಾದಕ