ಫಂಕ್ಷನಲ್ ಪ್ರೋಗ್ರಾಮಿಂಗಿಗೆ ಯಾವ ಓಪನ್ ಸೋರ್ಸ್ ಲೈಬ್ರರಿ ಇಟ್ಕೊಂಡ್ರೆ ಒಳ್ಳೇದು?

ಫಂಕ್ಷನಲ್ ಪ್ರೋಗ್ರಾಮಿಂಗ್ ಅಂದ್ರೆ ಡೇಟಾನ ಇದ್ದಲ್ಲೇ ತಿದ್ದದೆ, ಫಂಕ್ಷನ್‌ಗಳನ್ನ ಜೋಡಿಸಿ ಹೊಸ ಡೇಟಾ ಮಾಡ್ಕೊಳ್ಳೋ ಶೈಲಿ. ನೀವು ಕೇಳಿರೋದು ಎರಡು. ಜಾವಾಸ್ಕ್ರಿಪ್ಟ್, ಪೈಥಾನ್ ಎರಡರಲ್ಲೂ ಕೆಲಸ ಮಾಡ್ತೀನಿ, ಮ್ಯಾಪ್ ಫಿಲ್ಟರ್ ರಿಡ್ಯೂಸ್ ರೂಢಿ ಆಗಿದೆ, ಇನ್ನು ಮುಂದಕ್ಕೆ ಯಾವ ಲೈಬ್ರರಿ ಹಿಡೀಲಿ ಅನ್ನೋದೊಂದು. ಇದಕ್ಕೆಲ್ಲ ಹ್ಯಾಸ್ಕೆಲ್ ಅನ್ನೋ ಪೂರ್ತಿ ಫಂಕ್ಷನಲ್ ಭಾಷೆ ಕಲೀಲೇಬೇಕಾ ಅನ್ನೋದು ಇನ್ನೊಂದು. ಹ್ಯಾಸ್ಕೆಲ್ ವಿಷಯ ಕೊನೇಲಿ ಹೇಳ್ತೀನಿ.

ಹೆಸರುಗಳ ಉದ್ದ ಪಟ್ಟಿ ಎಲ್ಲಾದ್ರೂ ಸಿಗುತ್ತೆ, ಹಾಗಾಗಿ ನಾನು ಯಾವ ಕ್ರಮದಲ್ಲಿ ಆರಿಸ್ತೀನಿ ಅಂತ ಹೇಳ್ತೀನಿ. ಡೇಟಾ ಕೆಡದ ಹಾಗೆ ನೋಡ್ಕೊಳ್ಳೋ ಲೈಬ್ರರಿ ಮೊದಲು, ಕೋಡ್ ಚೆಂದ ಕಾಣೋ ಹಾಗೆ ಮಾಡೋ ಲೈಬ್ರರಿ ಆಮೇಲೆ. ಜನ ಸಾಮಾನ್ಯವಾಗಿ ಉಲ್ಟಾ ಮಾಡ್ತಾರೆ, ಮೊದಲ ವಾರಾನೇ ಕರ್ರಿಯಿಂಗು (ಆರ್ಗ್ಯುಮೆಂಟ್‌ಗಳನ್ನ ಒಂದೊಂದಾಗಿ ತಗೊಳ್ಳೋದು) ಕಾಂಪೋಸು (ಫಂಕ್ಷನ್‌ಗಳನ್ನ ಪೋಣಿಸೋದು) ಅಂತ ಶುರು ಹಚ್ಕೊಂಡು, ಒಳಗಡೆ ಅರೇನ ಮಾತ್ರ ಮೊದಲಿನ ಹಾಗೇ ನೇರವಾಗಿ ತಿದ್ದುತಾ ಇರ್ತಾರೆ, ಅಂಥದ್ದಕ್ಕೆ ಫಂಕ್ಷನಲ್ ಅಂತ ಹೆಸರಿಟ್ಟು ಏನು ಬಂತು.

ಜಾವಾಸ್ಕ್ರಿಪ್ಟಲ್ಲಿ ಸಾರ್ಟ್ ಕರೆದ್ರೆ ಮೂಲ ಅರೇನೇ ಬದಲಾಗುತ್ತೆ, ಅದೇ ಅರೇನ ಇನ್ನೊಂದು ಕಡೆ ಯಾರೋ ಇಟ್ಕೊಂಡಿದ್ರೆ ಅವರಿಗೂ ಬದಲಾಗುತ್ತೆ, ಬಗ್ ಎಲ್ಲಿಂದ ಬಂತು ಅಂತ ಹುಡುಕೋದ್ರಲ್ಲೇ ಸಂಜೆ ಆಗುತ್ತೆ. ಇದಕ್ಕೆ ನನ್ನ ಮೊದಲ ಆಯ್ಕೆ ಇಮ್ಮರ್. ಅದರಲ್ಲಿ ಪ್ರೊಡ್ಯೂಸ್ ಅಂತ ಒಂದು ಫಂಕ್ಷನ್, ಅದು ನಿಮಗೆ ಒಂದು ಡ್ರಾಫ್ಟ್ ಕೊಡುತ್ತೆ, ಡ್ರಾಫ್ಟನ್ನ ನೀವು ಮಾಮೂಲಿ ಆಬ್ಜೆಕ್ಟ್ ಥರಾನೇ ತಿದ್ದಬಹುದು, ಒಳಗೆ ಪ್ರಾಕ್ಸಿ ಕೂತ್ಕೊಂಡು ಏನೇನು ಬದಲಾಯ್ತು ಅಂತ ಬರ್ಕೊಂಡು ಹೊಸ ಆಬ್ಜೆಕ್ಟ್ ಮಾಡಿ ಕೊಡುತ್ತೆ. ಬದಲಾಗದ ಭಾಗಗಳು ಹಳೇದು ಹೊಸದು ಎರಡಕ್ಕೂ ಒಂದೇ, ಕಾಪಿ ಆಗಲ್ಲ. ಬಂದ ಫಲಿತಾಂಶ ಫ್ರೀಜ್ ಕೂಡ ಆಗಿರುತ್ತೆ, ಆಮೇಲೆ ತಿದ್ದೋಕಾಗಲ್ಲ. ಆ್ಯಪಿನ ಸ್ಟೇಟ್ ನೋಡ್ಕೊಳ್ಳೋ ರಿಡಕ್ಸ್ ಟೂಲ್‌ಕಿಟ್ ನೀವು ಬಳಸಿದ್ರೆ ಗೊತ್ತಿಲ್ಲದೇನೇ ಇಮ್ಮರ್ ಬಳಸ್ತಾ ಇದ್ದೀರ, ಅದರೊಳಗೆ ಇರೋದು ಇದೇ.

ಇದರ ಪಕ್ಕದಲ್ಲಿ ಬರೋ ಹೆಸರು ಇಮ್ಯೂಟಬಲ್ ಜೆಎಸ್, ಫೇಸ್‌ಬುಕ್ಕಿಂದ ಬಂದಿದ್ದು. ಇದರದ್ದು ಬೇರೆ ದಾರಿ, ತನ್ನದೇ ಲಿಸ್ಟ್, ತನ್ನದೇ ಮ್ಯಾಪ್ ಕೊಡುತ್ತೆ. ಒಳಗಿನ ರಚನೆ ನನಗೆ ತುಂಬಾ ಇಷ್ಟ, ಅದಕ್ಕೆ ಸ್ವಲ್ಪ ಹೇಳ್ಬಿಡ್ತೀನಿ: ಪ್ರತಿ ನೋಡಿಗೆ (ಮರದ ಗಂಟಿಗೆ) 32 ಕೊಂಬೆ ಇರೋ ಮರ ಅದು, 32ನ ನಾಲ್ಕು ಸಲ ಗುಣಿಸಿದ್ರೆ 10,48,576 ಬರುತ್ತಲ್ಲ, ಅಂದ್ರೆ ಹತ್ತು ಲಕ್ಷ ಎಲಿಮೆಂಟ್ ಇದ್ರೂ ನಾಲ್ಕೇ ಹಂತ. ಒಂದು ಎಲಿಮೆಂಟ್ ಬದಲಾಯಿಸಿದ್ರೆ ಆ ದಾರಿಯಲ್ಲಿರೋ ನಾಲ್ಕು ನೋಡು ಮಾತ್ರ ಹೊಸದು, ಉಳಿದ ಇಡೀ ಮರ ಹಳೇದೇ. ಫಿಲ್ ಬ್ಯಾಗ್ವೆಲ್ ಅನ್ನೋ ಸಂಶೋಧಕರ ಈ ಐಡಿಯಾನ ರಿಚ್ ಹಿಕ್ಕಿ ತಾವೇ ಮಾಡಿದ, 2007ರಲ್ಲಿ ಬಂದ ಕ್ಲೋಜರ್ ಭಾಷೆಗೆ ತಂದ್ರು, ಅಲ್ಲಿಂದ ಇಡೀ ಲೋಕಕ್ಕೆ ಹರಡ್ತು. ಇಷ್ಟೆಲ್ಲ ಇದ್ರೂ ದಿನನಿತ್ಯದ ಕೆಲಸಕ್ಕೆ ನಾನು ಇಮ್ಮರ್ ಕಡೆಗೇ ಹೋಗ್ತೀನಿ. ಯಾಕಂದ್ರೆ ಇಮ್ಯೂಟಬಲ್ ಲಿಸ್ಟನ್ನ ಬೇರೆ ಲೈಬ್ರರಿಗೆ ಕೊಡೋವಾಗೆಲ್ಲ ಮಾಮೂಲಿ ಅರೇ ಮಾಡಿ ಕೊಡಬೇಕು, ಆ ಬದಲಾವಣೆಯ ಖರ್ಚು ಎಲ್ಲಾ ಲಾಭಾನೂ ನುಂಗಿ ಹಾಕುತ್ತೆ. ದೊಡ್ಡ ಡೇಟಾ, ಪದೇಪದೇ ಅಪ್‌ಡೇಟ್, ಹೊರಗೆ ಕೊಡೋದು ಕಮ್ಮಿ ಅನ್ನೋ ಹಾಗಿದ್ರೆ ಮಾತ್ರ ಇದು ಗೆಲ್ಲುತ್ತೆ.

ಅಂದಹಾಗೆ 2023ರ ಸ್ಟ್ಯಾಂಡರ್ಡಲ್ಲಿ ಟು-ಸಾರ್ಟೆಡ್, ಟು-ರಿವರ್ಸ್ಡ್, ವಿತ್ ಅನ್ನೋ ಮೆಥಡ್‌ಗಳು ಜಾವಾಸ್ಕ್ರಿಪ್ಟಿಗೇ ಬಂದಿವೆ, ಇವು ಮೂಲ ಅರೇನ ಮುಟ್ಟಲ್ಲ. ಚಿಕ್ಕ ಪ್ರಾಜೆಕ್ಟಿಗೆ ಅಷ್ಟೇ ಸಾಕಾಗಬಹುದು. ಪೈಥಾನಲ್ಲೂ ಹಾಗೇ, ಟ್ಯೂಪಲ್, ಫ್ರೋಜನ್ ಡೇಟಾಕ್ಲಾಸ್ ಮೊದಲು ನೋಡಿ, ಅದು ಸಾಲದಿದ್ರೆ ಪಿರ್ಸಿಸ್ಟೆಂಟ್ ಅಂತ ಲೈಬ್ರರಿ ಇದೆ, ಅದರಲ್ಲಿ ಬದಲಾಗದ ವೆಕ್ಟರ್, ಮ್ಯಾಪ್, ಸೆಟ್ ಎಲ್ಲಾ ಸಿಗುತ್ತೆ.

ಈಗ ಪೈಪ್‌ಲೈನ್ ಥರದವು, ಅಂದ್ರೆ ಒಂದು ಫಂಕ್ಷನ್ನಿನ ಫಲಿತಾಂಶನ ಮುಂದಿನದಕ್ಕೆ ಕೊಡ್ತಾ ಹೋಗೋವು. ಜಾವಾಸ್ಕ್ರಿಪ್ಟಲ್ಲಿ ರಾಮ್ಡಾ, ಲೋಡ್ಯಾಶ್ ಎಫ್‌ಪಿ. ಎರಡರಲ್ಲೂ ಫಂಕ್ಷನ್ ಮೊದಲು, ಡೇಟಾ ಕೊನೇಲಿ, ಎಲ್ಲಾನೂ ಕರ್ರಿ ಆಗಿರುತ್ತೆ, ಹಾಗಾಗಿ ಜೋಡಿಸೋದು ಸಲೀಸು. ಲೋಡ್ಯಾಶ್ ಎಫ್‌ಪಿ ಯಾಕೆ ಬೇಕು ಅನ್ನೋದಕ್ಕೆ ಒಳ್ಳೇ ಉದಾಹರಣೆ ಪಾರ್ಸ್‌ಇಂಟ್, ಸ್ಟ್ರಿಂಗನ್ನ ಪೂರ್ಣಾಂಕ ಮಾಡೋ ಫಂಕ್ಷನ್. ಸ್ಟ್ರಿಂಗ್ ರೂಪದ 6, 8, 10 ಇರೋ ಅರೇ ಮೇಲೆ ಮಾಮೂಲಿ ಮ್ಯಾಪಲ್ಲಿ ಪಾರ್ಸ್‌ಇಂಟ್ ಓಡಿಸಿ ನೋಡಿ, 6, ನ್ಯಾನ್ (ಸಂಖ್ಯೆ ಅಲ್ಲ ಅನ್ನೋ ಗುರುತು), 2 ಅಂತ ಬರುತ್ತೆ. ಮ್ಯಾಪ್ ಎರಡನೇ ಆರ್ಗ್ಯುಮೆಂಟಾಗಿ ಇಂಡೆಕ್ಸ್ ಕೊಡುತ್ತೆ, ಪಾರ್ಸ್‌ಇಂಟ್ ಅದನ್ನ ಸಂಖ್ಯೆಯ ಬೇಸ್ ಅಂದ್ಕೊಳ್ಳುತ್ತೆ, ಬೇಸ್ 2ರಲ್ಲಿ 10 ಅಂದ್ರೆ 2 ತಾನೇ. ಎಫ್‌ಪಿ ಆವೃತ್ತಿಯ ಮ್ಯಾಪ್ ಒಂದೇ ಆರ್ಗ್ಯುಮೆಂಟ್ ಕೊಡುತ್ತೆ, ಅಲ್ಲಿ 6, 8, 10 ಸರಿಯಾಗಿ ಬರುತ್ತೆ. ಟೈಪ್‌ಸ್ಕ್ರಿಪ್ಟ್ (ಟೈಪ್ ಇರೋ ಜಾವಾಸ್ಕ್ರಿಪ್ಟ್) ಬಳಸೋರಾದ್ರೆ ಮಾತ್ರ ರಾಮ್ಡಾ ಬಿಟ್ಟು ರೆಮೇಡಾ ನೋಡಿ, ಅದನ್ನ ಟೈಪ್ಸ್ ಇಟ್ಕೊಂಡೇ ಕಟ್ಟಿದ್ದಾರೆ, ಉದ್ದ ಪೈಪಲ್ಲಿ ಟೈಪ್ ಎರರ್ ಬಂದಾಗ ಓದೋಕಾದ್ರೂ ಆಗುತ್ತೆ. ಮತ್ತೆ ಒಂದು ಮಾತು, ಆರ್ಗ್ಯುಮೆಂಟ್ ಹೆಸರೇ ಇಲ್ಲದ ಹಾಗೆ ಹತ್ತು ಫಂಕ್ಷನ್ ಪೋಣಿಸಿ ಬರೆದ ಕೋಡು ಬರೆದವನಿಗೆ ಮಾತ್ರ ಖುಷಿ, ಆರು ತಿಂಗಳಾದ್ಮೇಲೆ ಅವನಿಗೂ ಇಲ್ಲ.

ಪೈಥಾನಲ್ಲಿ ಫಂಕ್‌ಟೂಲ್ಸ್, ಇಟರ್‌ಟೂಲ್ಸ್ ಭಾಷೆ ಜೊತೆಗೇ ಬರುತ್ತೆ, ಅದನ್ನ ಪೂರ್ತಿ ಓದಿ ಮುಗಿಸಿ ಆಮೇಲೆ ಟೂಲ್ಜ್ ಹಾಕ್ಕೊಳ್ಳಿ. ಇಟರ್‌ಟೂಲ್ಸಿನ ಗ್ರೂಪ್‌ಬೈ ಪಕ್ಕಪಕ್ಕ ಇರೋವನ್ನ ಮಾತ್ರ ಗುಂಪು ಮಾಡುತ್ತೆ, ಮೊದಲೇ ಸಾರ್ಟ್ ಮಾಡಿರಬೇಕು, ಟೂಲ್ಜಿನ ಗ್ರೂಪ್‌ಬೈ ನೇರವಾಗಿ ಡಿಕ್ಷನರಿ ಕೊಡುತ್ತೆ, ನನಗೆ ಬೇಕಾಗಿರೋದು ಯಾವಾಗಲೂ ಎರಡನೇದೇ. ಪೈಪ್, ಕರ್ರಿ, ಡಿಕ್ಷನರಿಯ ವ್ಯಾಲ್ಯೂಗಳ ಮೇಲೆ ಮ್ಯಾಪ್ ಮಾಡೋ ವಾಲ್‌ಮ್ಯಾಪ್, ಇವೆಲ್ಲ ಇದೆ, ಬೇರೆ ಯಾವ ಲೈಬ್ರರಿ ಮೇಲೂ ಅವಲಂಬನೆ ಇಲ್ಲ. ಸ್ಪೀಡ್ ಬೇಕಂದ್ರೆ ಸೈಥಾನಲ್ಲಿ (ಪೈಥಾನ್ ಥರದ ಕೋಡನ್ನ ಸಿ ಕೋಡಾಗಿ ಮಾಡೋ ಭಾಷೆ) ಬರೆದ ಸೈಟೂಲ್ಜ್, ಅದರಲ್ಲೂ ಅದೇ ಫಂಕ್ಷನ್‌ಗಳು, ಇಂಪೋರ್ಟ್ ಬದಲಾಯಿಸಿದ್ರೆ ಆಯ್ತು. ಒಂದು ಎಚ್ಚರ, ಇವುಗಳಲ್ಲಿ ಸುಮಾರು ಫಂಕ್ಷನ್‌ಗಳು ಇಟರೇಟರ್ ವಾಪಸ್ ಕೊಡುತ್ತವೆ, ಇಟರೇಟರ್ ಒಂದ್ಸಲ ಓದಿದ್ರೆ ಖಾಲಿ, ಎರಡನೇ ಸಲ ಲೂಪ್ ಹಾಕಿದ್ರೆ ಎರರ್ ಕೂಡ ಬರಲ್ಲ, ಸುಮ್ನೆ ಏನೂ ಇರಲ್ಲ.

ಎರರ್ ಹ್ಯಾಂಡ್ಲಿಂಗ್ ಬಗ್ಗೆ ಬೇಗ ಹೇಳ್ತೀನಿ, ಇದು ನೀವೊಬ್ಬರೇ ತೀರ್ಮಾನ ಮಾಡೋ ವಿಷಯ ಅಲ್ಲ, ಇಡೀ ಟೀಮ್ ಒಪ್ಪಬೇಕು. ಟೈಪ್‌ಸ್ಕ್ರಿಪ್ಟಲ್ಲಿ ಎಫ್‌ಪಿ-ಟಿಎಸ್ ಬಹಳ ಕಾಲ ಹೆಸರಾಗಿತ್ತು, ಆಪ್ಷನ್ (ವ್ಯಾಲ್ಯೂ ಇರಬಹುದು, ಇಲ್ಲದಿರಬಹುದು), ಈದರ್ (ಫಲಿತಾಂಶ ಅಥವಾ ಎರರ್) ಅನ್ನೋ ಟೈಪ್‌ಗಳೆಲ್ಲಾ ಇರೋದು, ಈಗ ಅದು ಎಫೆಕ್ಟ್ ಅನ್ನೋ ಪ್ರಾಜೆಕ್ಟ್ ಜೊತೆ ಸೇರ್ಕೊಂಡಿದೆ, ಹೊಸದಾಗಿ ಶುರು ಮಾಡೋರು ಎಫೆಕ್ಟೇ ನೋಡೋದು ವಾಸಿ. ಆದ್ರೆ ಎಫೆಕ್ಟ್ ಅಂದ್ರೆ ದೊಡ್ಡ ಸಂಸಾರ, ಇಡೀ ಆ್ಯಪ್ ಅದರ ಶೈಲಿಗೆ ತಿರುಗುತ್ತೆ. ಅಷ್ಟು ಬೇಡ, ಫಂಕ್ಷನ್ ಫೇಲ್ ಆಗಬಹುದು ಅನ್ನೋದು ಟೈಪಲ್ಲೇ ಕಾಣಿಸಿದ್ರೆ ಸಾಕು ಅಂದ್ರೆ ನೆವರ್‌ಥ್ರೋ. ಪೈಥಾನಿಗೆ ರಿಟರ್ನ್ಸ್ ಅಂತ ಇದೆ, ಟೈಪ್ ಚೆಕ್ ಮಾಡೋ ಮೈಪೈ ಇಲ್ಲದೆ ಬಳಸೋದು ಅಷ್ಟು ಉಪಯೋಗ ಇಲ್ಲ. ಬೇರೆ ಭಾಷೆಗೆ ಹೋದ್ರೆ ಜಾವಾಗೆ ವಾವ್ರ್, ಕಾಟ್ಲಿನ್‌ಗೆ ಆ್ಯರೋ, ಸ್ಕಾಲಾಗೆ ಕ್ಯಾಟ್ಸ್ ಅಥವಾ ಝಿಯೋ, ಸಿ ಶಾರ್ಪಿಗೆ ಲ್ಯಾಂಗ್ವೇಜ್-ಎಕ್ಸ್ಟ್, ಹೆಸರು ಗೊತ್ತಿರಲಿ.

ಯಾರೂ ಕೇಳದ, ಆದ್ರೆ ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆ ಬಾಳೋ ಲೈಬ್ರರಿಗಳು ಟೆಸ್ಟಿಂಗಿನವು. ಹ್ಯಾಸ್ಕೆಲ್‌ಗೆ ಕೋನ್ ಕ್ಲಾಸೆನ್, ಜಾನ್ ಹ್ಯೂಸ್ ಇಬ್ಬರೂ ಕ್ವಿಕ್‌ಚೆಕ್ ಮಾಡಿದ್ರು, ಅದರ ಪೇಪರ್ ಬಂದಿದ್ದು 2000ದಲ್ಲಿ. ಅದೇ ಐಡಿಯಾ ಪೈಥಾನಲ್ಲಿ ಹೈಪಾಥೆಸಿಸ್, ಜಾವಾಸ್ಕ್ರಿಪ್ಟಲ್ಲಿ ಫಾಸ್ಟ್-ಚೆಕ್. ಇಲ್ಲಿ ನೀವು ಉದಾಹರಣೆ ಬರೆಯಲ್ಲ, ಯಾವಾಗಲೂ ನಿಜವಾಗಿರಬೇಕಾದ ಮಾತೊಂದನ್ನ ಬರೀತೀರ, ಇನ್‌ಪುಟ್ ಅದೇ ಹುಟ್ಟಿಸಿ ಸುಳ್ಳು ಮಾಡೋಕೆ ನೋಡುತ್ತೆ. ಉದಾಹರಣೆಗೆ ಒಂದು ಮೊತ್ತನ ಇಷ್ಟು ಪಾಲು ಮಾಡು ಅನ್ನೋ ಫಂಕ್ಷನ್ ಇದೆ ಅನ್ಕೊಳ್ಳಿ. ಪಾಲುಗಳನ್ನೆಲ್ಲ ಕೂಡಿಸಿದ್ರೆ ಮೊದಲಿನ ಮೊತ್ತಾನೇ ಬರಬೇಕು, ಬರೆಯೋದು ಇಷ್ಟೇ. 100ನ 4 ಪಾಲು ಮಾಡೋ ಟೆಸ್ಟ್ ನೀವೇ ಕೈಯಲ್ಲಿ ಬರೆದ್ರೆ ಪಾಸ್ ಆಗುತ್ತೆ, 3 ಪಾಲು ಮಾಡಿದ್ರೆ 33.33 ಮೂರು ಸಲ, ಕೂಡಿಸಿದ್ರೆ 99.99, ಆ 3 ನಿಮಗೆ ಹೊಳೀದಿದ್ರೂ ಲೈಬ್ರರಿಗೆ ಸಾಮಾನ್ಯವಾಗಿ ಸಿಗುತ್ತೆ. ಸಿಕ್ಕಿದ್ಮೇಲೆ ಆ ಇನ್‌ಪುಟ್ಟನ್ನ ಕುಗ್ಗಿಸ್ತಾ ಕುಗ್ಗಿಸ್ತಾ ಹೋಗಿ ಫೇಲ್ ಆಗೋ ಆದಷ್ಟು ಚಿಕ್ಕ ಉದಾಹರಣೆ ಹುಡುಕಿ ತೋರಿಸುತ್ತೆ, ಹೈಪಾಥೆಸಿಸ್ ಅಂತೂ ಅದನ್ನ ನೆನಪಿಟ್ಕೊಂಡು ಮುಂದಿನ ಸಲ ಮೊದಲು ಅದನ್ನೇ ಓಡಿಸುತ್ತೆ. ಇದು ಸಲೀಸಾಗಿ ನಡೆಯೋದು ಫಂಕ್ಷನ್ ಪ್ಯೂರ್ ಆಗಿದ್ರೆ, ಅಂದ್ರೆ ಹೊರಗಿನ ಯಾವುದನ್ನೂ ಮುಟ್ಟದೆ ಇನ್‌ಪುಟ್ ನೋಡಿ ಮಾತ್ರ ಉತ್ತರ ಕೊಡೋ ಹಾಗಿದ್ರೆ, ಡೇಟಾಬೇಸ್ ಮುಟ್ಟೋ ಫಂಕ್ಷನ್ನಿಗೆ ಈ ಥರ ಟೆಸ್ಟ್ ಬರೆಯೋಕೆ ಹೋದ್ರೆ ಎಷ್ಟು ಕಷ್ಟ ಅಂತ ತಾನಾಗೇ ಗೊತ್ತಾಗಿ ನೀವೇ ಕೋಡನ್ನ ಬಿಡಿಸೋಕೆ ಶುರು ಮಾಡ್ತೀರ.

ಲೈಸೆನ್ಸ್ ಕೇಳೋರು ಇರ್ತಾರೆ: ಇಮ್ಮರ್, ರಾಮ್ಡಾ, ಇಮ್ಯೂಟಬಲ್ ಜೆಎಸ್ ಮೂರೂ ಎಂಐಟಿ, ಟೂಲ್ಜ್ ಬಿಎಸ್‌ಡಿ, ಹೈಪಾಥೆಸಿಸ್ ಎಂಪಿಎಲ್ 2.0.

ಇನ್ನು ಹ್ಯಾಸ್ಕೆಲ್. ಮೇಲಿನ ಯಾವುದಕ್ಕೂ ಬೇಕಾಗಿಲ್ಲ. ಆದ್ರೆ ಫಂಕ್ಟರ್, ಮೊನಾಡ್ ಅನ್ನೋ ಹೆಸರು ಡಾಕ್ಯುಮೆಂಟೇಶನಲ್ಲಿ ಬಂದಾಗಲೆಲ್ಲ ಮುಖ ಸಿಂಡರಿಸ್ಕೊಳ್ಳೋ ಹಾಗಾಗ್ತಿದ್ರೆ ಸ್ವಲ್ಪ ಕಲಿತ್ರೆ ನಷ್ಟ ಇಲ್ಲ, ಮೊನಾಡ್ ಬಗ್ಗೆ ಬ್ಲಾಗ್ ಓದೋದು ಬಿಟ್ಟು ಮೆಗಾಪಾರ್ಸೆಕ್ ಅನ್ನೋ ಹ್ಯಾಸ್ಕೆಲ್ ಲೈಬ್ರರಿ ಹಾಕ್ಕೊಂಡು ಕೂಡೋದು ಕಳೆಯೋದು ಬ್ರ್ಯಾಕೆಟ್ಟು ಇಷ್ಟು ಅರ್ಥ ಮಾಡ್ಕೊಳ್ಳೋ ಚಿಕ್ಕ ಪಾರ್ಸರ್ ಒಂದು ಬರೀರಿ, ಒಂದು ಅಂಕಿ ಓದೋ ಪಾರ್ಸರು, ಅದನ್ನ ಇಟ್ಕೊಂಡು ಸಂಖ್ಯೆ ಓದೋದು, ಅದನ್ನ ಇಟ್ಕೊಂಡು ಇಡೀ ಲೆಕ್ಕ ಓದೋದು, ಮಧ್ಯ ಎಲ್ಲಿ ಫೇಲ್ ಆದ್ರೂ ಆ ಫೇಲ್ ತಾನಾಗೇ ಮೇಲಕ್ಕೆ ಬರೋದು, ಆ ಜೋಡಿಸೋ ಕೆಲಸ ಇದ್ಯಲ್ಲ, ಮೊನಾಡ್ ಅಲ್ಲಿ ಮಾಡ್ತಿರೋದು ಅದನ್ನೇ.